ಜೇನಮ್ಮನ ಕಾರಿಗೆ ಹೊಸ ಬ್ರೀದರ್

ಜೇನಮ್ಮನ ಕಾರು ನೀಲಿ ಹೊಗೆ ಉಗುಳತೊಡಗಿದ್ದು ಸರಿಯಾಗಿ ಸೂರ್ಯಕಾಂತಿ ಮೊಗ್ಗು ಬಿರಿಯುವ ವಾರದಲ್ಲಿ. ಬೇರೆ ಯಾವಾಗ ಕೆಟ್ಟಿದ್ದರೂ ಮನೆಯಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಜೇನುಪೆಟ್ಟಿಗೆಗಳಿದ್ದದ್ದು ಊರಾಚೆಯ ಇಳಿಜಾರಿನಲ್ಲಿ. ಅಲ್ಲಿ ಹೂವು ಮುಗಿದು ಹುಳುಗಳು ಬರಿಗೈಲಿ ಗೂಡಿಗೆ ಮರಳುತ್ತಿದ್ದವು. ಹೂವಿದ್ದದ್ದು ಹೊಳೆಯಾಚೆಯ ಹೊಲಗಳಲ್ಲಿ. ಪ್ರತಿವರ್ಷ ಈ ಹೊತ್ತಿಗೆ ಹಿಂದಿನ ಸೀಟು ಮಡಚಿ, ಪೆಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿ, ಜೇನಮ್ಮ ತಾವೇ ಸ್ಟೀರಿಂಗ್ ಹಿಡಿದು ಸೇತುವೆ ದಾಟುತ್ತಿದ್ದರು. ಆ ಕಾರಿನ ಸೀಟು, ಚಾಪೆ, ಸೀಲಿಂಗಿನ ಬಟ್ಟೆಯೆಲ್ಲ ಮೇಣದ ವಾಸನೆಯಲ್ಲಿ ನೆನೆದುಹೋಗಿದ್ದವು. ಈ ವರ್ಷ ಮಾತ್ರ ನಿಂತಲ್ಲೇ ಸಿಳ್ಳೆ ಹಾಕುವುದು, ನಿಂತ ಜಾಗದಲ್ಲೆಲ್ಲ ಎಣ್ಣೆ ಸೋರುವುದು, ಹೊರಟರೆ ಹಿಂದೆ ಬರುವವರಿಗೆ ದಾರಿಯೇ ಕಾಣದಷ್ಟು ಹೊಗೆ. ಎದುರುಮನೆಯವರು ಕಾರು ಶುರುವಾದ ಸದ್ದಿಗೇ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

“ಹೊಗೆ ಹಾಕೋದು ಜೇನಿಗೆ ಅಂದ್ಕೊಂಡಿದ್ದೆ. ಇದು ಇಡೀ ಬೀದಿಗೇ ಹಾಕ್ತಾ ಇದೆಯಲ್ಲೇ!” ಎಂದು ಜೇನಮ್ಮ ಸೊಸೆಯ ಮುಂದೆ ನಕ್ಕರು. ನಕ್ಕರೂ ಕಣ್ಣು ಮಾತ್ರ ಕಾರಿನ ಮೇಲೇ ಇತ್ತು.

ಸೊಸೆಗೆ ಅದು ಗೊತ್ತಾಗದೆ ಇರಲಿಲ್ಲ. ಅವಳು ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ಅಚ್ಚು ತೆಗೆದು ಕಳಿಸಿದರೆ, ಮನೆಯ ಮುಂದಿನ ಕೋಣೆಯಲ್ಲಿ ಕೂತು, ಯಾರದೋ ಬಾಯಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಹಲ್ಲು ಕೂರಿಸಿ ಕೊಡುತ್ತಿದ್ದಳು. ಬಿಚ್ಚಿದ್ದನ್ನು ಮತ್ತೆ ಜೋಡಿಸಲಾಗದಂಥ ವಸ್ತು ಇನ್ನೂ ಹುಟ್ಟಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಮದುವೆಯಾಗಿ ಬಂದ ಹೊಸತರಲ್ಲೇ ಮನೆಯ ಬಟ್ಟೆ ತೊಳೆಯುವ ಮಷಿನ್ನನ್ನು ಅಂಗಳದಲ್ಲಿ ಹರಡಿ ಕೂತಿದ್ದಳು. ಗಂಡ ಹೌಹಾರಿದ್ದ, ಅತ್ತೆ ಕುರ್ಚಿ ತಂದು ಹಾಕಿಕೊಂಡು ನೋಡಿದ್ದರು. ಅತ್ತೆ ಸೊಸೆಯ ಸ್ನೇಹ ಬೆಳೆದದ್ದು ಅಲ್ಲಿಂದಲೇ.

ಗಂಡನ ಸ್ವಭಾವವೇ ಬೇರೆ. ರೈಲುಗಳ ವೇಳಾಪಟ್ಟಿ ಹಾಕುವುದು ಅವನ ನೌಕರಿ. ಎರಡು ಗಾಡಿ ಒಂದೇ ಹಳಿಗೆ ಬಾರದಂತೆ ದಿನವಿಡೀ ನೋಡಿಕೊಂಡೂ ನೋಡಿಕೊಂಡೂ, ಮನೆಯಲ್ಲೂ ಅವನಿಗೆ ಎಲ್ಲಿ ನೋಡಿದರೂ ಅಪಘಾತವೇ ಕಾಣುತ್ತಿತ್ತು. ಅದಕ್ಕೆ ಕಾರಣವೂ ಇತ್ತೆನ್ನಿ. ಹೋದ ವರ್ಷ ಪೆಟ್ಟಿಗೆ ಇಳಿಸುವಾಗ ಅಮ್ಮ ಕಾಲು ಜಾರಿ ಬಿದ್ದು, ತಿಂಗಳುಗಟ್ಟಲೆ ಕೋಲು ಹಿಡಿದು ಓಡಾಡಿದ್ದರು. ಅಂದಿನಿಂದ ಅವನಿಗೆ ಆ ಕಾರನ್ನು ಕಂಡರೆ ಆಗುತ್ತಿರಲಿಲ್ಲ. ಹೊಗೆ ಬರತೊಡಗಿದ ಮೇಲೆ ಒಳಗೊಳಗೇ ಖುಷಿಯಾದಂತಿತ್ತು. “ಗುಜರಿಯವನಿಗೆ ಹೇಳಿಬಿಡೋಣ. ಪೆಟ್ಟಿಗೆಗಳನ್ನ ಯಾರಿಗಾದ್ರೂ ಕೊಟ್ಟು ಅಮ್ಮ ಆರಾಮಾಗಿ ಇರ್ಲಿ,” ಎಂದ. ಸೊಸೆ ಒಮ್ಮೆ ಗ್ಯಾರೇಜಿಗೆ ತೋರಿಸೋಣ ಎಂದಳು.

ಗ್ಯಾರೇಜಿನ ಮೇಸ್ತ್ರಿ ಕಾರಿನ ಸದ್ದು ಕೇಳಿದ, ಹೊಗೆ ನೋಡಿದ, ಕೈ ಒರೆಸಿಕೊಂಡ. “ಪಿಸ್ಟನ್ ರಿಂಗ್ ಹೋಗಿರ್ಬಹುದು. ಇಂಜಿನ್ ಇಳಿಸಿ ನೋಡ್ಬೇಕಾಗುತ್ತೆ.”

“ಬ್ರೀದರ್ ಕಟ್ಕೊಂಡಿದ್ರೂ ಹಿಂಗೇ ಆಗುತ್ತಲ್ವಾ?” ಎಂದಳು ಸೊಸೆ. ಮೂರು ದಿನದಿಂದ ಕಾರಿನ ಕೈಪಿಡಿ ಓದಿ, ಸಿಕ್ಕ ವೀಡಿಯೊಗಳನ್ನೆಲ್ಲ ನೋಡಿ ಬಂದಿದ್ದಳು.

ಮೇಸ್ತ್ರಿ ಅವಳ ಮುಖ ನೋಡಿದ. “ಆಗುತ್ತಮ್ಮ, ಇಲ್ಲ ಅನ್ನಲ್ಲ. ಆದ್ರೆ ಅದು ಇಂಜಿನ್ನಿಗೆ ಗಾಳಿ ಹಂಚೋ ಮ್ಯಾನಿಫೋಲ್ಡ್ ಕೆಳಗಡೆ ಅವಿತ್ಕೊಂಡು ಕೂತಿರುತ್ತೆ. ಮೇಲಿರೋದನ್ನೆಲ್ಲ ಬಿಚ್ಬೇಕು. ನನ್ ಹತ್ರ ನೋಡಿ, ಕಾಲಿಡಕ್ಕೆ ಜಾಗ ಇಲ್ಲ. ಮುಂದಿನ ತಿಂಗಳು ಬನ್ನಿ.”

“ಅಷ್ಟೊತ್ತಿಗೆ ಹೂವೇ ಇರಲ್ಲ,” ಎಂದರು ಜೇನಮ್ಮ.

“ಮನೇಲೇ ಮಾಡ್ಕೋತೀನಿ ಅಂದ್ರೆ?” ಎಂದಳು ಸೊಸೆ.

“ಮಾಡ್ಕೋಬಹುದು. ಧೈರ್ಯ ಇರ್ಬೇಕು, ಅವಸರ ಇರ್ಬಾರ್ದು. ಬಿಚ್ಚಿದ್ಮೇಲೆ ಕಾಣೋ ತೂತುಗಳಿಗೆಲ್ಲ ಬಟ್ಟೆ ತುರುಕಿಡಿ. ಒಳಗೆ ಏನಾದ್ರೂ ಬಿತ್ತೋ, ಆಮೇಲೆ ನಿಜವಾಗ್ಲೂ ಇಂಜಿನ್ ಇಳಿಸ್ಬೇಕಾಗುತ್ತೆ.” ಅಷ್ಟು ಹೇಳಿ ಮೇಸ್ತ್ರಿ ಮತ್ತೊಂದು ಕಾರಿನ ಕೆಳಗೆ ತೂರಿಕೊಂಡ.

ದಾರಿಯಲ್ಲಿ ಅತ್ತೆ ಕೇಳಿದರು, “ಬ್ರೀದರ್ ಅಂದ್ರೆ ಏನೇ ಅದು?”

“ಇಂಜಿನ್ನಲ್ಲಿ ಪೆಟ್ರೋಲ್ ಉರಿಯುತ್ತಲ್ಲ ಅತ್ತೆ, ಆಗ ಒಂಚೂರು ಹೊಗೆ ಪಿಸ್ಟನ್ ಪಕ್ಕದಿಂದ ನುಸುಳಿ ಕೆಳಗೆ ಎಣ್ಣೆ ಇರೋ ಕಡೆ ಇಳಿಯುತ್ತೆ. ಅದು ಅಲ್ಲೇ ಇದ್ರೆ ಒತ್ತಡ ಜಾಸ್ತಿಯಾಗಿ ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ಎಣ್ಣೆನ ಹೊರಗೆ ತಳ್ಳುತ್ತೆ. ಅದಕ್ಕೇ ಒಂದು ಪೆಟ್ಟಿಗೆ, ನಾಲ್ಕಾರು ಪೈಪು ಇಟ್ಟಿರ್ತಾರೆ. ಪೆಟ್ಟಿಗೆ ಎಣ್ಣೆನ ಬೇರೆ ಮಾಡಿ ಕೆಳಗೆ ಬಿಡುತ್ತೆ, ಹೊಗೆನ ವಾಪಸ್ ಉರಿಯಕ್ಕೆ ಕಳಿಸುತ್ತೆ.”

“ಅದು ಕಟ್ಕೊಂಡಿದೆ ಅಂತೀಯ.”

“ಅಂತೀನಿ. ಬೇಕಾದ್ರೆ ಈಗ್ಲೇ ತೋರಿಸ್ತೀನಿ.”

ಮನೆಗೆ ಬಂದದ್ದೇ ಸೊಸೆ ಕೆಲಸದ ಕೋಣೆಯಿಂದ ಒಂದು ರಬ್ಬರ್ ಕೈಗವುಸು ತಂದಳು. ಬಾನೆಟ್ ಎತ್ತಿ, ಎಣ್ಣೆ ಹಾಕುವ ಮುಚ್ಚಳ ತೆಗೆದು, ಕೈಗವುಸಿನ ಬಾಯನ್ನು ಆ ತೂತಿನ ಸುತ್ತ ಬಿಗಿಯಾಗಿ ಎಳೆದು ಕೂರಿಸಿದಳು. “ಈಗ ಸ್ಟಾರ್ಟ್ ಮಾಡಿ ಅತ್ತೆ.” ಅತ್ತೆ ಕೀಲಿ ತಿರುಗಿಸಿದರು. ಜೋಲುಬಿದ್ದಿದ್ದ ಕೈಗವುಸಿನ ಬೆರಳುಗಳು ಒಂದೊಂದಾಗಿ ಎದ್ದು ನಿಂತವು. ನೋಡನೋಡುತ್ತಲೇ ಅದು ಉಬ್ಬಿ, ಬಿಗಿದು, ದಪ್ಪ ಹಸ್ತವಾಗಿ ಅತ್ತಿತ್ತ ಅಲ್ಲಾಡತೊಡಗಿತು. ಅತ್ತೆ ಇಳಿದು ಬಂದು ನೋಡಿ ಬಿದ್ದುಬಿದ್ದು ನಕ್ಕರು. “ಟಾಟಾ ಮಾಡ್ತಾ ಇದೆಯಲ್ಲೇ!”

“ಒಳಗೆ ಉಸಿರು ಕಟ್ಟಿದೆ ಅತ್ತೆ, ಅಷ್ಟೇ. ಗಾಳಿ ಆಡೋ ಹಾಗಿದ್ದಿದ್ರೆ ಇದು ಒಳಗಡೆ ಎಳ್ಕೋಬೇಕಿತ್ತು. ಮೊದ್ಲು ಬ್ರೀದರ್ ಬದಲಾಯಿಸೋಣ. ರಿಂಗಿನ ಮಾತು ಆಮೇಲೆ.”

ಬಿಡಿಭಾಗದ ಅಂಗಡಿಯಿಂದ ಹೊಸ ಪೆಟ್ಟಿಗೆ, ಪೈಪು, ಕ್ಲಿಪ್ಪು, ಗ್ಯಾಸ್ಕೆಟ್ಟುಗಳ ಒಂದು ಕಿಟ್ಟು ಬಂತು. ಗಂಡ ಅದನ್ನು ನೋಡಿ ಮುಖ ಊದಿಸಿಕೊಂಡ. “ಗುಜರಿಯವನು ಸೋಮವಾರ ಬರ್ತಾನೆ, ನಾನು ಹೇಳಾಗಿದೆ,” ಎಂದ. “ಬರ್ಲಿ ಬಿಡಪ್ಪ, ಕಾಫಿ ಕುಡ್ಕೊಂಡು ಹೋಗ್ಲಿ,” ಎಂದರು ಅವನ ಅಮ್ಮ.

ಶನಿವಾರ ಬೆಳಗ್ಗೆ ಅವನು ಕೆಲಸಕ್ಕೆ ಹೊರಟು ಬೀದಿಯ ತಿರುವು ದಾಟಿದ ಕೂಡಲೇ ಇಬ್ಬರೂ ಟೊಂಕ ಕಟ್ಟಿ ನಿಂತರು. ಸೊಸೆ ಹಲ್ಲಿನ ಕೋಣೆಯ ಏಪ್ರನ್ ತೊಟ್ಟಳು, ಅತ್ತೆ ಜೇನಿನ ಉದ್ದತೋಳಿನ ಬಿಳಿ ಅಂಗಿ ತೊಟ್ಟರು. ಮೊದಲು ಬ್ಯಾಟರಿಯ ತಂತಿ ಕಳಚಿದರು. ಆಮೇಲೆ ಗಾಳಿಯ ದಪ್ಪ ಕೊಳವೆ, ವೈರುಗಳ ಕೊಂಡಿಗಳು, ಒಂದಾದ ಮೇಲೊಂದು. ಸೊಸೆ ಬಿಚ್ಚಿದ್ದನ್ನು ಕೊಡುವಳು, ಅತ್ತೆ ಹಳೇ ಹಲ್ಲಿನ ಅಚ್ಚುಗಳ ಟ್ರೇಯಲ್ಲಿ ಸಾಲಾಗಿ ಇಡುವರು. “ಇದು ಎಡಗಡೇದು, ಇದು ಉದ್ದದ್ದು,” ಎಂದು ಪ್ರತಿಯೊಂದಕ್ಕೂ ಅತ್ತೆಯ ಬಾಯಿಂದ ಘೋಷಣೆ. ಜೇನುಹುಳುಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಕೈಗಳವು. ಎಲ್ಲೂ ಕುಕ್ಕುವುದಿಲ್ಲ, ಎಳೆಯುವುದಿಲ್ಲ.

ಇಂಜಿನ್ನಿನ ಹಿಂಬದಿಯ ಬೋಲ್ಟೊಂದು ಜಪ್ಪಯ್ಯ ಅಂದರೂ ಕಣ್ಣಿಗೆ ಬೀಳದು. ಸೊಸೆ ದೀಪವನ್ನು ಪಕ್ಕಕ್ಕೆ ಅಂಟಿಸಿಟ್ಟು, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಸಂದಿಗೆ ಇಳಿಸಿ, ಅದರಲ್ಲಿ ನೋಡಿಕೊಂಡೇ ಸ್ಪ್ಯಾನರ್ ತೊಡಿಸಿದಳು. “ಬಾಯಿ ದೊಡ್ಡದಾಗಿ ತೆಗೀಪ್ಪಾ,” ಎಂದು ಕಾರಿಗೆ ಹೇಳಿದಳು. ಬೋಲ್ಟು ಕಿರ್ರೆಂದು ಬಿಟ್ಟುಕೊಂಡಿತು.

ಮ್ಯಾನಿಫೋಲ್ಡನ್ನು ಇಬ್ಬರೂ ಹಿಡಿದು ಎತ್ತಿ ಪಕ್ಕಕ್ಕಿಟ್ಟರು. ಇಂಜಿನ್ನಿನ ಗೋಡೆಯಲ್ಲಿ ಗಾಳಿ ಹೋಗುವ ತೂತುಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಸೊಸೆ ಮೇಸ್ತ್ರಿ ಹೇಳಿದಂತೆ ಪ್ರತಿಯೊಂದಕ್ಕೂ ಚೊಕ್ಕ ಬಟ್ಟೆ ತುರುಕಿದಳು. ಅವುಗಳ ಕೆಳಗೆ, ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಅದರ ಪೈಪನ್ನು ಮುಟ್ಟಿದ್ದೇ ತಡ, ಒಣಗಿದ ಕಡ್ಡಿಯಂತೆ ಲಟಕ್ಕನೆ ಮುರಿಯಿತು. ಪೆಟ್ಟಿಗೆಯನ್ನು ಕಿತ್ತು ಅಲ್ಲಾಡಿಸಿದರೆ ಏನೂ ಸುರಿಯಲಿಲ್ಲ. ಸುರಿಯಲು ಜಾಗವಿದ್ದರೆ ತಾನೆ? ಒಳಗೆಲ್ಲ ಡಾಂಬರಿನಂಥ ಗಟ್ಟಿ ಗಸಿ.

“ಅಯ್ಯೋ ಪಾಪ,” ಎಂದರು ಅತ್ತೆ. “ಇಷ್ಟು ಕಟ್ಕೊಂಡು ಹೆಂಗೆ ಸೇತುವೆ ಏರ್ತಿತ್ತೋ!”

ಸೊಸೆಯ ಮೈಯೆಲ್ಲ ಹಗುರಾಯಿತು. ತನ್ನ ಲೆಕ್ಕ ತಪ್ಪಿರಲಿಲ್ಲ. ಇಂಜಿನ್ನಿಗೆ ಎಣ್ಣೆ ಹಿಂತಿರುಗುವ ತೂತನ್ನು ತಂತಿಯಿಂದ ಕೆದಕಿ, ಒರೆಸಿ, ಮತ್ತೆ ಕೆದಕಿ, ಲೋಹ ಹೊಳೆಯುವವರೆಗೂ ಬಿಡಲಿಲ್ಲ. ಹಳೇ ಎಣ್ಣೆಯನ್ನೂ ಬಸಿದು ಹೊಸದು ಹಾಕಿದರು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಊಟವನ್ನು ಅಲ್ಲೇ ಮೆಟ್ಟಿಲ ಮೇಲೆ, ಕೈಯ ಕಪ್ಪು ಪೂರ್ತಿ ಹೋಗದೆ, ಚಮಚದಲ್ಲಿ ಮಾಡಿದರು.

ಹೊಸ ಪೆಟ್ಟಿಗೆ ಸರಾಗವಾಗಿ ಕೂತಿತು. ಗ್ಯಾಸ್ಕೆಟ್ ಕೂರುವ ಜಾಗವನ್ನು ಒರೆಸಲು ತೂತುಗಳ ಬಟ್ಟೆ ತೆಗೆದು, ಮ್ಯಾನಿಫೋಲ್ಡ್ ಇಟ್ಟು, ನಡುವಿನಿಂದ ಆಚೀಚೆಗೆ ಬೋಲ್ಟು ಬಿಗಿಯುತ್ತ ಬಂದಳು. ಕೊನೆಯದಕ್ಕೆ ಕೈ ಚಾಚಿದಳು. “ಕೊಡಿ ಅತ್ತೆ.”

ಅತ್ತೆ ಟ್ರೇ ನೋಡಿದರು. ತಿರುಗಿಸಿ ನೋಡಿದರು. “ಇಲ್ವಲ್ಲೇ.”

ಸೊಸೆ ಇಂಜಿನ್ನಿನತ್ತ ತಿರುಗಿದಳು. ಬಟ್ಟೆ ತೆಗೆದ ಮೇಲೆ ಆ ತೂತುಗಳು ಸ್ವಲ್ಪ ಹೊತ್ತು ಬಾಯಿ ಬಿಟ್ಟುಕೊಂಡೇ ಇದ್ದವು. ಅದರಲ್ಲೇನಾದರೂ ಬಿದ್ದಿದ್ದರೆ, ಕೀಲಿ ತಿರುಗಿಸಿದ ಮರುಕ್ಷಣವೇ ಇಂಜಿನ್ನಿನ ಕತೆ ಮುಗಿಯಿತು. ಒಂದು ಬೋಲ್ಟು ಕಮ್ಮಿಯಾದರೂ ಕಾರು ಓಡಬಹುದಿತ್ತು. ಆದರೆ ಅದು ಎಲ್ಲಿದೆ ಎಂದು ಗೊತ್ತಿಲ್ಲದೆ ಓಡಿಸುವುದು ಹೇಗೆ? ಅವಳು ಬಿಗಿದ ಬೋಲ್ಟುಗಳನ್ನೆಲ್ಲ ಮತ್ತೆ ಬಿಚ್ಚಿದಳು. ಮ್ಯಾನಿಫೋಲ್ಡ್ ಎತ್ತಿಟ್ಟು, ಕನ್ನಡಿ, ಪುಟ್ಟ ಟಾರ್ಚು ಹಿಡಿದು ಒಂದೊಂದೇ ತೂತಿನೊಳಗೆ ಇಣುಕಿದಳು. ಏನೂ ಇಲ್ಲ. ಆದರೆ ತೆರೆದಿದ್ದ ವಾಲ್ವ್‌ನ ಸಂದಿಯಿಂದ ಇನ್ನೂ ಕೆಳಗೆ ಜಾರಿದ್ದರೆ? ಅತ್ತೆ ಮೊಣಕಾಲೂರಿ ಕಾರಿನ ಕೆಳಗೆಲ್ಲ ಕೈಯಾಡಿಸಿದರು.

ಗೇಟು ಕಿರುಗುಟ್ಟಿದ್ದು ಆಗಲೇ. ಗಂಡ ನಿಂತಿದ್ದ. ಅವನ ಕಣ್ಣಿಗೆ ಕಂಡದ್ದು, ಕರುಳು ಹೊರಗೆ ಬಂದಂತೆ ಬಿದ್ದಿದ್ದ ಕಾರು, ನೆಲದ ಮೇಲೆ ಅಡ್ಡಾಗಿದ್ದ ಅಮ್ಮ.

“ಅಮ್ಮಾ! ಬಿದ್ಯಾ?”

“ಬಿದ್ದಿಲ್ಲ ಕಣೋ, ಹುಡುಕ್ತಾ ಇದೀನಿ.”

ಅವನ ಭಯ ಕೋಪವಾಗಲು ಒಂದು ಗಳಿಗೆ ಸಾಕಾಯಿತು. “ಇದೆಲ್ಲ ಬೇಕಿತ್ತಾ ನಿಂಗೆ, ಈ ವಯಸ್ಸಲ್ಲಿ? ಇವಳಿಗಂತೂ ಏನು ಸಿಕ್ಕಿದ್ರೂ ಬಿಚ್ಚೋ ಹುಚ್ಚು, ನೀನೂ ಸೇರ್ಕೊಂಡ್ಯಲ್ಲ! ಹೋದ ವರ್ಷ ನೀನು ಬಿದ್ದಾಗ ಆ ಹೊಲದಲ್ಲಿ ಒಂದು ಗಂಟೆ ಒಬ್ಬಳೇ ಮಲಗಿದ್ದೆ. ನಂಗೆ ಇವತ್ತಿಗೂ ಫೋನ್ ಬಂದ್ರೆ ನೀನೇ ಬಿದ್ಯೇನೋ ಅನ್ಸುತ್ತೆ.”

ಜೇನಮ್ಮ ನಿಧಾನಕ್ಕೆ ಎದ್ದು ಮಂಡಿಯ ಮಣ್ಣು ಕೊಡವಿಕೊಂಡರು.

“ಗೊತ್ತು ಕಣಪ್ಪ. ನೀನು ಹೆದರ್ಕೊಂಡಿದೀಯ ಅಂತ ಗೊತ್ತಾಗದೆ ಇರೋಷ್ಟು ದಡ್ಡಿ ಅಲ್ಲ ನಾನು. ಆದ್ರೆ ನಿನ್ನ ಭಯಕ್ಕೆ ನನ್ನನ್ನ ಮನೇಲಿ ಕೂರಿಸ್ಬೇಡ. ಆ ಹುಳುಗಳ ಮಧ್ಯೆ ನಿಂತಾಗ ನಂಗೆ ವಯಸ್ಸೇ ನೆನಪಾಗಲ್ಲ. ಒಬ್ಬಳೇ ಹೋಗಿದ್ದು ತಪ್ಪು, ಒಪ್ಕೋತೀನಿ. ಹೋಗೋದೇ ತಪ್ಪು ಅಂತ ಮಾತ್ರ ಸುತರಾಂ ಒಪ್ಪಲ್ಲ.”

ಮಗ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೆಂಡತಿ ಬೆವರೊರೆಸಿಕೊಂಡು, “ರೀ, ಬೈಯೋದು ಆಮೇಲೆ ಬೈಯಿರಿ. ಒಂದು ಬೋಲ್ಟು ಕಳೆದಿದೆ. ಸಿಗೋವರೆಗೂ ನಾನು ಕೀಲಿ ಮುಟ್ಟಲ್ಲ,” ಎಂದಳು.

“ಯಾವಾಗ ಕಳೀತು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಹೆಂಗೆ? ಕೊನೇ ಸಲ ನೋಡಿದ್ದು ಎಲ್ಲಿ?” ಅವನು ಚೀಲವನ್ನು ಗೋಡೆಗೊರಗಿಸಿ ಅಂಗಿಯ ತೋಳು ಮಡಚಿದ. ಕಳೆದುಹೋದ ಗೂಡ್ಸು ಡಬ್ಬಿಯನ್ನು ಹುಡುಕುವವನ ಗತ್ತು ಬಂದಿತ್ತು ದನಿಗೆ. “ಬಿಚ್ಚಿದ್ದು ನೀನಾ? ಎಲ್ಲಿ ನಿಂತಿದ್ದೆ? ಅಮ್ಮ ಎಲ್ಲಿದ್ರು? ಬೆಳಕು ಎಲ್ಲಿತ್ತು?”

“ಕೊನೇದು ಹಿಂದುಗಡೆ ಸಂದೀದು. ಕನ್ನಡಿ ಹಿಡ್ಕೊಂಡು ಬಿಚ್ಚಿದ್ದು. ದೀಪ ಇಲ್ಲಿ ಪಕ್ಕದಲ್ಲಿಟ್ಟಿದ್ದೆ.”

“ಕನ್ನಡಿ ಒಂದು ಕೈಲಿ, ಸ್ಪ್ಯಾನರ್ ಇನ್ನೊಂದು ಕೈಲಿ. ಬೋಲ್ಟನ್ನ ಯಾವ ಕೈಲಿ ಅಮ್ಮಂಗೆ ಕೊಟ್ಟೆ?”

ಸೊಸೆ ತನ್ನೆರಡೂ ಕೈ ನೋಡಿಕೊಂಡಳು. “ಕೊಡ್ಲಿಲ್ಲ... ಇಲ್ಲೇ ಇಟ್ಟೆ, ದೀಪದ ಹತ್ರ.”

ಗಂಡ ದೀಪವನ್ನು ಎತ್ತಿದ. ಕಬ್ಬಿಣಕ್ಕೆ ಅಂಟಿಕೊಂಡು ನಿಲ್ಲಲೆಂದು ಅದರ ತಳದಲ್ಲಿ ಅಯಸ್ಕಾಂತವಿತ್ತು. ಆ ತಳಕ್ಕೆ, ತಾಯಿಯ ಸೊಂಟಕ್ಕಂಟಿದ ಕೂಸಿನಂತೆ, ಬೋಲ್ಟು ಕಚ್ಚಿಕೊಂಡು ಕೂತಿತ್ತು.

ಮೂವರೂ ಅದನ್ನೇ ನೋಡಿದರು. ಮೊದಲು ನಕ್ಕದ್ದು ಅತ್ತೆ. ಆಮೇಲೆ ಸೊಸೆ, ನೆಲದ ಮೇಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು. ಗಂಡ ನಗಬಾರದೆಂದು ತುಟಿ ಕಚ್ಚಿ ಹಿಡಿದಿದ್ದ. ಅದೂ ಸಡಿಲಿತು. ಬೋಲ್ಟನ್ನು ಹೆಂಡತಿಯ ಅಂಗೈಗೆ ಹಾಕಿ, “ಇನ್ನು ನಾನೇ ದೀಪ ಹಿಡ್ಕೋತೀನಿ. ನಿಮ್ಮಿಬ್ಬರನ್ನ ನಂಬಕ್ಕಾಗಲ್ಲ,” ಎಂದ.

ಎಲ್ಲವನ್ನೂ ಜೋಡಿಸುವ ಹೊತ್ತಿಗೆ ಬೆಳಕು ಇಳಿಯುತ್ತಿತ್ತು. ಬ್ಯಾಟರಿಯ ತಂತಿ ಮತ್ತೆ ಜೋಡಿಸಿ ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಏಟಿಗೆ ಎದ್ದಿತು. ಆದರೆ ಸುಮ್ಮನೆ ನಿಂತಲ್ಲೇ ಒದರತೊಡಗಿತು, ಯಾರೋ ಆಕ್ಸಿಲರೇಟರ್ ತುಳಿದಂತೆ. ಜೊತೆಗೆ ಸುಯ್ಯೆನ್ನುವ ಸದ್ದು.

“ಹೋಯ್ತು,” ಎಂದ ಗಂಡ.

“ಏನೂ ಹೋಗಿಲ್ಲ. ಎಲ್ಲೋ ಗಾಳಿ ಕುಡೀತಾ ಇದೆ, ಅಷ್ಟೇ,” ಎಂದಳು ಸೊಸೆ. ತುಂಡು ಪೈಪೊಂದರ ಒಂದು ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಇಂಜಿನ್ನಿನ ಮೇಲೆಲ್ಲ ಆಡಿಸುತ್ತ ಹೋದಳು. ಎಡಗಡೆಯ ಮೂಲೆಗೆ ಬಂದಾಗ ಸದ್ದು ಕಿವಿಗೆ ಬಡಿಯಿತು. ಹೊಸ ಪೈಪೊಂದು ಅರ್ಧ ಮಾತ್ರ ಒಳಹೋಗಿ, ಕ್ಲಿಪ್ಪು ಕೂತಂತೆ ನಾಟಕವಾಡುತ್ತಿತ್ತು. ಇಂಜಿನ್ ನಿಲ್ಲಿಸಿ, ಹೆಬ್ಬೆರಳಿಂದ ಒತ್ತಿದಳು. ಟಕ್ ಎಂದಿತು. ಕಟ್ಟುಹಲ್ಲು ಒಸಡಿಗೆ ಕೂತಾಗಲೂ ಕೈಗೆ ಹೀಗೇ ತಿಳಿಯುತ್ತದೆ, ನೋಡುವುದೇ ಬೇಕಿಲ್ಲ.

“ಈಗ ಹಚ್ಚಿ.”

ಈ ಸಲ ಸಿಳ್ಳೆ ಇಲ್ಲ, ಒದರಾಟವಿಲ್ಲ. ಎಣ್ಣೆಯ ತೂತಿಗೆ ಹೊಸ ಕೈಗವುಸು ಕಟ್ಟಿದರೆ ಅದು ಮೆಲ್ಲಗೆ ಒಳಕ್ಕೆ ಸರಿದು, ಬೆರಳುಗಳನ್ನು ಎಳೆದುಕೊಂಡಿತು. ಹೊಗೆ ಮೊದಲು ಸ್ವಲ್ಪ ಬಂತು. ಹಳೇ ಎಣ್ಣೆ ಉರಿದು ಮುಗಿಯಲಿ ಎಂದು ಮೂವರೂ ಸೈಲೆನ್ಸರಿನ ಹಿಂದೆಯೇ ನಿಂತು ಕಾದರು. ಹೊಗೆ ತೆಳುವಾಯಿತು, ಇನ್ನೂ ತೆಳುವಾಯಿತು, ಕೊನೆಗೆ ಹಿಂದಿನ ಗೋಡೆಯ ಇಟ್ಟಿಗೆಗಳು ಒಂದೊಂದಾಗಿ ಸ್ಪಷ್ಟವಾಗಿ ಕಂಡವು. ಎದುರುಮನೆಯಾಕೆ ಕಿಟಕಿಯಿಂದ ತಲೆ ಹಾಕಿ, “ಏನ್ ಜೇನಮ್ಮ, ಹೊಸ ಕಾರಾ?” ಎಂದಳು.

“ಹಳೇದೇ. ನಮ್ ಸೊಸೆ ಉಸಿರು ಕೊಟ್ಲು,” ಎಂದರು ಜೇನಮ್ಮ, ಬೀದಿಗೆಲ್ಲ ಕೇಳುವ ಹಾಗೆ.

ಗಂಡ ಫೋನ್ ಹಿಡಿದು ಸ್ವಲ್ಪ ದೂರ ಹೋದ. ಗುಜರಿಯವನಿಗೆ ಬರುವುದು ಬೇಡವೆನ್ನುತ್ತಿದ್ದ. ಬಳಿಕ ಬಂದು ಅಮ್ಮನ ಮುಂದೆ ನಿಂತ. “ಪೆಟ್ಟಿಗೆ ಎತ್ತೋದು, ಇಳಿಸೋದು ನಾನು. ನೀನು ಕೈ ಹಚ್ಚೋ ಹಾಗಿಲ್ಲ. ಓಡಿಸೋದು ಬೇಕಾದ್ರೆ ನೀನೇ ಓಡ್ಸು.”

“ಹುಳು ಕಚ್ಚುತ್ತೆ.”

“ಕಚ್ಚಲಿ.”

ಮರುದಿನ ಸಂಜೆ, ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಮೂವರೂ ಇಳಿಜಾರಿಗೆ ಹೋದರು. ಜೇನಮ್ಮ ಪೆಟ್ಟಿಗೆಗಳ ಬಾಯಿಗೆ ಜಾಲರಿ ಹಾಕಿದರು. ಮಗ ಮುಖಕ್ಕೆ ಬಲೆ ತೊಟ್ಟು, ಮೊದಲ ಪೆಟ್ಟಿಗೆಯನ್ನು ಕೂಸನ್ನೆತ್ತಿದ ಹಾಗೆ ಎದೆಗವಚಿ ಎತ್ತಿದ. ಒಳಗಿನ ಗುಂಯ್‌ಗುಡುವಿಕೆ ಎದೆಯ ಎಲುಬಿಗೇ ತಾಗಿರಬೇಕು, ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನಿಂತ. “ಇದು... ಹಿಂಗಿರುತ್ತಾ?” ಎಂದ. ಹುಟ್ಟಿದಾಗಿನಿಂದ ಈ ಪೆಟ್ಟಿಗೆಗಳ ಜೊತೆಯಲ್ಲೇ ಬೆಳೆದವನು, ಒಂದನ್ನೂ ಎತ್ತಿರಲಿಲ್ಲ.

“ಹಿಂಗೇ,” ಎಂದರು ಅವನ ಅಮ್ಮ.

ಕಾರು ತುಂಬಿ ಹೊರಟಿತು. ಸೊಸೆ ಮುಂದಿನ ಸೀಟಿನಲ್ಲಿ ಕೂತು ಕಿವಿ ನಿಮಿರಿಸಿ ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದಳು. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಗಂಡ ಹಿಂದೆ ಪೆಟ್ಟಿಗೆಗಳ ನಡುವೆ ಮಂಡಿ ಮಡಚಿ ಕೂತು, ಪ್ರತಿ ತಿರುವಿಗೂ ಎರಡೂ ಕೈಯಿಂದ ಅವನ್ನು ಒತ್ತಿ ಹಿಡಿಯುತ್ತಿದ್ದ. ಸೇತುವೆಯ ಏರು ಬಂತು. ಜೇನಮ್ಮ ಗೇರು ಇಳಿಸಿದರು, ಕಾರು ಒಂದೇ ಸಮನೆ ಏರಿ ಆಚೆಗೆ ಇಳಿಯಿತು.

ಹೊಲದ ಬದುವಿನಲ್ಲಿ ಪೆಟ್ಟಿಗೆಗಳನ್ನು ಇಳಿಸಿದ್ದಾಯಿತು. ಮಗನಿಗೆ ಮಣಿಕಟ್ಟಿನ ಹತ್ತಿರ ಒಂದು ಹುಳು ಕಚ್ಚಿತ್ತು. ಅವನು ಅದನ್ನು ಯಾರಿಗೂ ಹೇಳದೆ ಉಜ್ಜಿಕೊಳ್ಳುತ್ತಿದ್ದುದನ್ನು ಇಬ್ಬರೂ ನೋಡಿ, ನೋಡದಂತೆ ಇದ್ದರು. ಇನ್ನೂ ಅರ್ಧದಷ್ಟು ಪೆಟ್ಟಿಗೆಗಳು ಇಳಿಜಾರಿನಲ್ಲೇ ಉಳಿದಿದ್ದವು. ಜೇನಮ್ಮ ಕೀಲಿಯನ್ನು ಸೊಸೆಯ ಕೈಗೆ ಕೊಟ್ಟರು.

“ಈ ಸಲ ನೀನು ಓಡ್ಸೇ. ನಾನು ಪಕ್ಕದಲ್ಲಿ ಕೂತು ಬೆಳದಿಂಗಳಲ್ಲಿ ಹೊಲ ನೋಡ್ಕೊಂಡು ಬರ್ತೀನಿ.”